ಹಯಾಸೆ-ಸಾನ್ ಹೇಳುತ್ತಿದ್ದ ಮೂರು ಹೆಸರು

ಫೆಬ್ರವರಿಯ ಒಂದು ಶನಿವಾರ ಬೆಳಿಗ್ಗೆ ನಂಜುಂಡಸ್ವಾಮಿ ಟೋಕಿಯೊದ ಫುನಾಬೊರಿ ಸ್ಟೇಷನ್ ಪಕ್ಕದ ಕೊಂಬಿನಿ ಅಂಗಡಿಯಲ್ಲಿ ಹಾಲು, ಬ್ರೆಡ್ಡು ಹಿಡಿದುಕೊಂಡು ಸಾಲಿನಲ್ಲಿ ನಿಂತಿದ್ದಾಗ ರೇಡಿಯೊ ಕೇಂದ್ರದಿಂದ ಫೋನ್ ಬಂತು. ಮಾತಾಡಿದ್ದು ತೆಜುಕಾ-ಸಾನ್. ಶನಿವಾರ ಮಧ್ಯಾಹ್ನದ ಜಾಝ್ ಕಾರ್ಯಕ್ರಮದ ನಿರ್ಮಾಪಕ. ಹನ್ನೊಂದು ವರ್ಷದಿಂದ ಅವರಿಬ್ಬರ ನಡುವೆ ಮಾತಿರಲಿಲ್ಲವಾದರೂ ಧ್ವನಿ ಕೇಳಿದ ಕೂಡಲೇ ಗುರುತು ಸಿಕ್ಕಿತು.

"ಹಯಾಸೆ-ಸಾನ್‌ಗೆ ಜನವರಿಯಲ್ಲಿ ಸ್ಟ್ರೋಕ್ ಆಯಿತು," ಎಂದರು ತೆಜುಕಾ ಜಪಾನಿ ಭಾಷೆಯಲ್ಲಿ. "ಜೀವಕ್ಕೆ ಅಪಾಯವಿಲ್ಲ. ಮಾತು ಹೋಗಿದೆ."

ನಂಜುಂಡಸ್ವಾಮಿ ಸಾಲು ಬಿಟ್ಟು ಹೊರಗೆ ಬಂದು ನಿಂತ. ತೆಜುಕಾ ಉಳಿದದ್ದನ್ನು ಹೇಳಿದರು. ಏಪ್ರಿಲ್‌ನಿಂದ ಕೇಂದ್ರದ ಕಾರ್ಯಕ್ರಮಗಳೆಲ್ಲ ಬದಲಾಗುತ್ತವೆ. ಹಯಾಸೆ-ಸಾನ್ ನಿರೂಪಕಿಯಾಗಿ ಇಪ್ಪತ್ತಾರು ವರ್ಷ ನಡೆಸಿದ ಕಾರ್ಯಕ್ರಮ ಮಾರ್ಚ್ ಕೊನೆಯ ಶನಿವಾರಕ್ಕೆ ಮುಗಿಯುತ್ತದೆ. ಆ ದಿನ ಅವರನ್ನು ಗಾಲಿಕುರ್ಚಿಯಲ್ಲಿ ಸ್ಟುಡಿಯೊಕ್ಕೆ ಕರೆತರುವ ಯೋಚನೆಯಿದೆ. ಯಾರನ್ನು ಕರೆಯಲಿ ಎಂದು ಆಸ್ಪತ್ರೆಯಲ್ಲಿ ಕೇಳಿದಾಗ ಹಯಾಸೆ-ಸಾನ್ ತಮ್ಮ ಹಳೆಯ ಫೋಟೊಗಳಲ್ಲಿ ಒಂದನ್ನು ಎಡಗೈಯಿಂದ ಮುಂದಕ್ಕೆ ತಳ್ಳಿದರಂತೆ. ಅದು ನಂಜುಂಡಸ್ವಾಮಿ ಹಿಂದೆ ನುಡಿಸುತ್ತಿದ್ದ ಟಿನ್ ಬ್ರಿಡ್ಜ್ ಬ್ಯಾಂಡಿನ ಫೋಟೊ.

"ಡೆಸ್ಮಂಡ್-ಸಾನ್‌ಗೂ ಬರೆದಿದ್ದೇನೆ," ಎಂದರು ತೆಜುಕಾ, ಸ್ವಲ್ಪ ಅಳುಕುತ್ತಾ. "ನಿಮ್ಮಿಬ್ಬರ ವಿಷಯ ಗೊತ್ತಿದೆ. ಆದರೂ ಕೇಳುತ್ತಿದ್ದೇನೆ."

ಯೋಚಿಸಿ ಹೇಳುತ್ತೇನೆ ಎಂದು ನಂಜುಂಡಸ್ವಾಮಿ ಫೋನಿಟ್ಟ.

ಈಗ ಅವನಿಗೆ ಐವತ್ತು ವರ್ಷ. ಫುನಾಬೊರಿಯ ಭಾರತೀಯ ಮನೆಗಳಲ್ಲಿ ಅವನನ್ನು ಸಾಫ್ಟ್‌ವೇರ್ ಟೆಸ್ಟಿಂಗ್ ಮ್ಯಾನೇಜರ್ ಎಂದು ಮಾತ್ರ ಬಲ್ಲರು. ಗಣೇಶ ಹಬ್ಬದ ಕಾರ್ಯಕ್ರಮಕ್ಕೆ ಕುರ್ಚಿ ಜೋಡಿಸುತ್ತಾನೆ, ಬೇರೆಯವರ ಮಕ್ಕಳು ಹಾಡುವಾಗ ಹಿಂದಿನ ಸಾಲಿನಲ್ಲಿ ಕೂತಿರುತ್ತಾನೆ. ಆತ ಒಂದು ಕಾಲದಲ್ಲಿ ಮೃದಂಗ ಹಿಡಿದು ಲೀಡ್ಸ್‌ನಿಂದ ಒಸಾಕಾದವರೆಗೆ ಜನರನ್ನು ಕುಣಿಸಿದ್ದ ಎಂದು ಹೇಳಿದರೆ ಅಲ್ಲಿ ಯಾರೂ ನಂಬುತ್ತಿರಲಿಲ್ಲ.

ಇಂಗ್ಲೆಂಡಿನ ಲೀಡ್ಸ್‌ಗೆ ಹೋದದ್ದು ಓದುವುದಕ್ಕೆ. ಮೈಸೂರಿನಿಂದ ಮೃದಂಗವನ್ನು ಹಳೆಯ ರಜಾಯಿಯಲ್ಲಿ ಸುತ್ತಿ ಒಯ್ದಿದ್ದ. ಹಾಸ್ಟೆಲಿನ ಗೋಡೆ ತೆಳ್ಳಗಿತ್ತು. ಕೆಳಗಿನ ಬಸ್ ಸ್ಟಾಪಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಬಿಡುವಿನಲ್ಲಿ ಕೂತಿದ್ದ ಡ್ರೈವರನೊಬ್ಬ ಒಂದು ಸಂಜೆ ಮೇಲೆ ಬಂದು ಬಾಗಿಲು ತಟ್ಟಿದ. ಎತ್ತರದ ಕಪ್ಪು ಮನುಷ್ಯ, ಯೂನಿಫಾರ್ಮಿನಲ್ಲೇ ಇದ್ದ. ಬೈಯಲು ಬಂದವನೆಂದು ನಂಜುಂಡಸ್ವಾಮಿ ಕ್ಷಮೆ ಕೇಳತೊಡಗಿದಾಗ ಅವನು, "ನಿಲ್ಲಿಸಬೇಡ, ನನಗೆ ಇನ್ನು ಆರು ನಿಮಿಷ ಇದೆ," ಎಂದು ಮಂಚದ ಮೇಲೆ ಕೂತ. ಅವನೇ ಡೆಸ್ಮಂಡ್ ಪ್ರೈಸ್. ಹಗಲು ಬಸ್ಸು ಓಡಿಸುತ್ತಿದ್ದ, ಸಂಜೆ ಟ್ರಂಪೆಟ್ ಊದುತ್ತಿದ್ದ.

ಡೆಸ್ಮಂಡ್ ಕಟ್ಟಿದ ಬ್ಯಾಂಡೇ ಟಿನ್ ಬ್ರಿಡ್ಜ್. ಆರು ಜನ. ಅವರು ನುಡಿಸುತ್ತಿದ್ದುದು ಕೂತು ಕೇಳುವ ಜಾಝ್ ಅಲ್ಲ, ಕುಣಿಯುವವರ ಜಾಝ್. ಒಂದು ಪಬ್ಬಿನ ಮೇಲಿನ ಹಜಾರದಲ್ಲಿ ಹುಡುಗ ಹುಡುಗಿಯರು ಚಪ್ಪಟೆ ಅಟ್ಟೆಯ ಚರ್ಮದ ಬೂಟು ತೊಟ್ಟು ಬರುತ್ತಿದ್ದರು. ಸಂಗೀತ ಎಷ್ಟು ವೇಗವಾದರೆ ಅವರ ಕಾಲು ಅಷ್ಟು ವೇಗ. ಮೃದಂಗ ಸೇರಿದ ಮೇಲೆ ಆ ಹಜಾರದ ಕಿಟಕಿ ಗಾಜು ಬೆವರುತ್ತಿತ್ತು.

ಅವರಿಗೆ ಹೆಸರು ತಂದದ್ದು ಒಂದೇ ಒಂದು ರಚನೆ. ಅದರ ಹೆಸರು ‘ಅವರೆ’.

ಅದು ನಂಜುಂಡಸ್ವಾಮಿಯ ಸೋದರತ್ತೆ ಜಯಮ್ಮನವರದು. ಅವನ ತಾತ ಮೃದಂಗದ ಮೇಷ್ಟ್ರು. ನಡುಮನೆಯಲ್ಲಿ ಗಂಡುಮಕ್ಕಳಿಗೆ ಪಾಠ ಹೇಳುತ್ತಿದ್ದರು. ಜಯಮ್ಮ ಅಡುಗೆಮನೆಯಲ್ಲಿ ಕೂತು ಕೇಳಿಸಿಕೊಂಡೇ ಎಲ್ಲ ಜತಿಗಳನ್ನೂ ಬಾಯಿಗೆ ಹಚ್ಚಿಕೊಂಡವರು. ವಾದ್ಯ ಮುಟ್ಟಲಿಲ್ಲ, ಮುಟ್ಟಗೊಡಲಿಲ್ಲ. ಅವರೆಕಾಯಿಯ ಕಾಲದಲ್ಲಿ ನೆನೆಸಿದ ಕಾಳನ್ನು ಬೆರಳಲ್ಲಿ ಹಿತುಕುತ್ತಾ, ಬೇಳೆ ಒಂದೊಂದಾಗಿ ಪಾತ್ರೆಗೆ ಬೀಳುವ ಸದ್ದಿಗೆ ಸರಿಯಾಗಿ "ತಕಿಟ ತಕಧಿಮಿ, ತಕಿಟ ತಕಧಿಮಿ" ಎಂದು ಏಳು ಮಾತ್ರೆಯ ಒಂದು ವರಸೆ ಹೇಳುತ್ತಿದ್ದರು. ಅಲ್ಲಲ್ಲಿ ಬೇಕೆಂದೇ ಒಂದು ಕಾಳು ತಡಮಾಡಿ ಹಾಕುತ್ತಿದ್ದರು. ಆ ತಡದಲ್ಲೇ ಅದರ ಸೊಗಸು. ಹುಡುಗ ನಂಜುಂಡ ಪಕ್ಕದಲ್ಲಿ ಕೂತು ಅದನ್ನು ಕಲಿತ. ಲೀಡ್ಸ್‌ನ ಹಜಾರದಲ್ಲಿ ಅವನು ಅದನ್ನು ಬಾಯಲ್ಲಿ ಹೇಳಿ ತೋರಿಸಿದ. ಡೆಸ್ಮಂಡ್ ಅದರ ಮೇಲೆ ಟ್ರಂಪೆಟ್ಟಿನ ಸಾಲೊಂದನ್ನು ಕೂರಿಸಿದ. ಕುಣಿಯುವವರು ಮೊದಮೊದಲು ಏಳನೆಯ ಮಾತ್ರೆಯಲ್ಲಿ ಎಡವಿದರು, ತಿಂಗಳೊಳಗೆ ಅದನ್ನೇ ಬೇಕೆಂದು ಕೂಗತೊಡಗಿದರು.

ರೆಕಾರ್ಡ್ ಮಾಡಿದಾಗ ಇಂಗ್ಲೆಂಡಿನ ರೇಡಿಯೊದಲ್ಲಿ ಒಬ್ಬ ನಿರೂಪಕ ಅದನ್ನು ಮೆಚ್ಚಿ ಪ್ರತಿ ಭಾನುವಾರ ಹಾಕಿದ. ಎರಡು ವರ್ಷ ಟಿನ್ ಬ್ರಿಡ್ಜ್‌ಗೆ ಬಿಡುವಿರಲಿಲ್ಲ. ಡೆಸ್ಮಂಡ್ ಬಸ್ಸಿನ ಕೆಲಸ ಬಿಟ್ಟ. ಆಮೇಲೆ ಆ ರೇಡಿಯೊದಲ್ಲಿ ಮೇಲಿನವರು ಬದಲಾದರು, ಆ ನಿರೂಪಕನನ್ನು ತೆಗೆದರು, ಅವನ ಜೊತೆಗೆ ‘ಅವರೆ’ಯೂ ಹೋಯಿತು. ಬೇರೆ ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ. ಹಜಾರಗಳು ಖಾಲಿಯಾದವು. ಡೆಸ್ಮಂಡ್ ಮತ್ತೆ ಬಸ್ಸಿನ ಯೂನಿಫಾರ್ಮ್ ತೊಟ್ಟ.

ಆಗ ಟೋಕಿಯೊದಿಂದ ಒಂದು ಕಾಗದ ಬಂತು. ಬರೆದವರು ಹಯಾಸೆ ಕಜುಕೊ. ಕನ್ನಡಕದ ಅಂಗಡಿಯೊಂದರ ಮಹಡಿಯಲ್ಲಿರುವ ಸಣ್ಣ ಎಫ್‌ಎಂ ಕೇಂದ್ರದ ನಿರೂಪಕಿ. ‘ನಿಮ್ಮ ರೆಕಾರ್ಡನ್ನು ನಾನು ಹೋದ ವರ್ಷದಿಂದ ಪ್ರತಿ ಶನಿವಾರ ಮಧ್ಯಾಹ್ನ ಎರಡಕ್ಕೆ ಹಾಕುತ್ತಿದ್ದೇನೆ. ಕೇಳುಗರು ನಿಮ್ಮನ್ನು ನೋಡಬೇಕೆನ್ನುತ್ತಾರೆ. ದಯವಿಟ್ಟು ಬನ್ನಿ’ ಎಂದು ಕೈಯಲ್ಲಿ ಬರೆದ ಇಂಗ್ಲಿಷಿನಲ್ಲಿತ್ತು. ಬಂದರು. ಇಲ್ಲಿ ನಾನೂರು ಜನ ಆ ಏಳು ಮಾತ್ರೆಗೆ ತಪ್ಪದೆ ಹೆಜ್ಜೆ ಹಾಕಿದ್ದನ್ನು ಕಂಡು ಡೆಸ್ಮಂಡ್ ವೇದಿಕೆಯ ಮೇಲೇ ಅತ್ತುಬಿಟ್ಟ. ಅಲ್ಲಿಂದ ಮುಂದೆ ವರ್ಷಕ್ಕೊಂದು ಸಲ ಜಪಾನಿಗೆ ಬರುವುದು ನಡೆದುಕೊಂಡು ಹೋಯಿತು.

ಮೊದಲ ಸಂದರ್ಶನದಲ್ಲೇ ಹಯಾಸೆ-ಸಾನ್ ಕೇಳಿದ್ದರು: "ಈ ತಾಳ ಯಾರದು?"

ನಂಜುಂಡಸ್ವಾಮಿ ಅತ್ತೆಯ ವಿಷಯ ಹೇಳಿದ್ದ. ಅಂದಿನಿಂದ ಅವರು ಆ ರೆಕಾರ್ಡ್ ಹಾಕುವ ಮೊದಲು ಪ್ರತಿ ಸಲವೂ ಮೂರು ಹೆಸರು ಹೇಳುತ್ತಿದ್ದರು. ಲೀಡ್ಸ್‌ನ ಡೆಸ್ಮಂಡ್-ಸಾನ್, ಮೈಸೂರಿನ ನಂಜುಂಡಸ್ವಾಮಿ-ಸಾನ್, ಅವರ ಅತ್ತೆ ಜಯಮ್ಮ-ಸಾನ್. ‘ನಂಜುಂಡಸ್ವಾಮಿ’ ಎನ್ನುವುದನ್ನು ಸರಿಯಾಗಿ ಹೇಳುವುದಕ್ಕೆ ಅವರು ಒಂದು ವಾರ ಅಭ್ಯಾಸ ಮಾಡಿದ್ದರು. ಅವನು ಆ ಕಾರ್ಯಕ್ರಮವನ್ನು ಒಮ್ಮೆ ಫೋನಿನಲ್ಲಿ ಅತ್ತೆಗೆ ಕೇಳಿಸಿದ. ಜಯಮ್ಮ ಪೂರ್ತಿ ಕೇಳಿ, "ಚೆನ್ನಾಗದೆ ಕಣೋ. ಆದ್ರೆ ಯಾಕಿಷ್ಟು ಓಡುಸ್ತೀರಾ, ಕಾಳು ನೆಲಕ್ಕೆ ಬೀಳ್ತದೆ," ಎಂದಿದ್ದರು.

ಕೆಲ ವರ್ಷಗಳ ನಂತರ ನಂಜುಂಡಸ್ವಾಮಿಯ ಹೆಂಡತಿ ಇಂದಿರಾಗೆ ಟೋಕಿಯೊದ ವಿಶ್ವವಿದ್ಯಾಲಯವೊಂದರಲ್ಲಿ ಸಂಶೋಧನೆಯ ಕೆಲಸ ಸಿಕ್ಕಿ ಅವರು ಇಲ್ಲೇ ನೆಲೆಸಿದರು. ಮಗಳು ಪ್ರಣತಿ ಹುಟ್ಟಿದ್ದೂ ಇಲ್ಲೇ. ಬ್ಯಾಂಡು ಬಂದಾಗಲೆಲ್ಲ ಅವನು ರಜೆ ಹಾಕಿ ಸೇರಿಕೊಳ್ಳುತ್ತಿದ್ದ.

ಮುರಿದದ್ದು ಒಸಾಕಾದಲ್ಲಿ. ರೆಕಾರ್ಡಿನ ಹತ್ತು ವರ್ಷದ ನೆನಪಿಗೆ ಕಂಪನಿಯವರು ಹೊಸ ಮುದ್ರಣ ತಂದಿದ್ದರು. ಅದರ ಹಿಂಬದಿಯಲ್ಲಿ ‘ಅವರೆ, ರಚನೆ: ಡೆಸ್ಮಂಡ್ ಪ್ರೈಸ್’ ಎಂದಿಷ್ಟೇ ಇತ್ತು. ಮಧ್ಯಾಹ್ನ ಮೈಕು, ವಾದ್ಯ ಸರಿಮಾಡಿಕೊಳ್ಳುವ ಹೊತ್ತಿನಲ್ಲಿ ನಂಜುಂಡಸ್ವಾಮಿ ಅದನ್ನು ಡೆಸ್ಮಂಡ್‌ನ ಮುಂದೆ ಹಿಡಿದ. ಜಯಮ್ಮ ತೀರಿಕೊಂಡು ಆಗ ಎಂಟು ತಿಂಗಳಾಗಿತ್ತು.

"ಕಂಪನಿಯವರಿಗೆ ಬರಿ," ಎಂದ. "ಮೂರು ಹೆಸರು ಹಾಕಿಸು."

"ಇಷ್ಟು ಚಿಕ್ಕ ಅಕ್ಷರ ಯಾರು ಓದುತ್ತಾರೆ ಮಾರಾಯ? ನಾನು ಹಾಕಿಸಿದ್ದಲ್ಲ. ಅವರೇನೋ ಮಾಡಿಕೊಂಡಿದ್ದಾರೆ."

"ನಾನು ಓದ್ತೀನಿ. ಅದು ನಮ್ಮತ್ತೆಯದು."

ಡೆಸ್ಮಂಡ್ ದಣಿದಿದ್ದ, ಹಲ್ಲುನೋವು ಬೇರೆ ಇತ್ತು. "ನಿಮ್ಮತ್ತೆ ಯಾವತ್ತಾದರೂ ಸ್ಟೇಜ್ ಹತ್ತಿದ್ದಾರಾ?" ಎಂದುಬಿಟ್ಟ.

ಅವನು ಗೊತ್ತಿಲ್ಲದೆ ಆಡಿದ ಮಾತು. ಆದರೆ ಜಯಮ್ಮನಿಗೆ ಎಂಬತ್ತು ವರ್ಷದಲ್ಲಿ ಯಾರೂ ಸ್ಟೇಜ್ ಹತ್ತಲು ಬಿಟ್ಟಿರಲಿಲ್ಲ. ನಂಜುಂಡಸ್ವಾಮಿ ಮೃದಂಗಕ್ಕೆ ಚೀಲ ಹೊದಿಸಿ, ನಾಲ್ಕು ಗಂಟೆಯ ರೈಲು ಹಿಡಿದು ಟೋಕಿಯೊಗೆ ಬಂದ. ಅವನಿಲ್ಲದೆ ಆ ರಾತ್ರಿ ‘ಅವರೆ’ ಕೂಡಿಬರಲಿಲ್ಲ. ಕುಣಿಯುವವರು ಮಧ್ಯದಲ್ಲೇ ನಿಂತುಬಿಟ್ಟರೆಂದು ಆಮೇಲೆ ಕೇಳಿದ. ಟಿನ್ ಬ್ರಿಡ್ಜ್ ಇಂಗ್ಲೆಂಡಿಗೆ ಮರಳಿದ ಮೇಲೆ ಮತ್ತೆ ನುಡಿಸಲಿಲ್ಲ.

ಹಯಾಸೆ-ಸಾನ್ ಮಾತ್ರ ಬಿಡಲಿಲ್ಲ. ಇಲ್ಲದ ಬ್ಯಾಂಡಿನ ರೆಕಾರ್ಡನ್ನು ತಿಂಗಳಿಗೊಮ್ಮೆಯಾದರೂ ಹಾಕುತ್ತಿದ್ದರು. ನಂಜುಂಡಸ್ವಾಮಿ ಕೇಳುತ್ತಿರಲಿಲ್ಲ. ಶನಿವಾರ ಎರಡು ಗಂಟೆಗೆ ಅವನು ಹೊಳೆಯ ದಂಡೆಗೆ ವಾಕಿಂಗ್ ಹೊರಡುತ್ತಿದ್ದ. ಇಂದಿರಾ ಅಡುಗೆಮನೆಯಲ್ಲಿ ರೇಡಿಯೊ ಹಾಕಿಕೊಂಡಿರುತ್ತಿದ್ದಳು. ಅವನು ವಾಪಸು ಬಂದಾಗ, "ಇವತ್ತೂ ಮೂರೂ ಹೆಸರು ಹೇಳಿದ್ರು," ಎನ್ನುತ್ತಿದ್ದಳು. ಅವನು ಕಾಲು ತೊಳೆಯಲು ಹೋಗುತ್ತಿದ್ದ.

ತೆಜುಕಾರ ಫೋನ್ ಬಂದ ನಾಲ್ಕನೆಯ ದಿನ ಡೆಸ್ಮಂಡ್‌ನ ಮೇಲ್ ಬಂತು. ಆಫೀಸಿಗೆ ಹೋಗುವ ರೈಲಿನಲ್ಲಿ ನಿಂತುಕೊಂಡೇ ಅವನು ಓದಿದ.

‘ಹಯಾಸೆ-ಸಾನ್‌ಗೋಸ್ಕರ ಬರಬೇಕು ಅಂತಿದ್ದೇನೆ. ನೀನೂ ಇದ್ದರೆ. ನನ್ನ ತುಟಿಯಲ್ಲಿ ಟ್ರಂಪೆಟ್ ಊದುವ ಶಕ್ತಿ ಉಳಿದಿಲ್ಲ, ಈಗ ನುಡಿಸಲಾರೆ. ಸುಮ್ಮನೆ ಪಕ್ಕದಲ್ಲಿ ಕೂತಿರುತ್ತೇನೆ. ಇರುತ್ತೀಯಾ? ಹೇಳಿದರೆ ಟಿಕೆಟ್ ಮಾಡಿಸುತ್ತೇನೆ.’

ಅವನು ಆ ಐದಾರು ಸಾಲನ್ನು ಮೂರು ಸಲ ಓದಿದ. ಒಸಾಕಾದ ಬಗ್ಗೆ ಒಂದು ಶಬ್ದವಿರಲಿಲ್ಲ. ತಪ್ಪಾಯಿತು ಎಂಬುದಂತೂ ಎಲ್ಲೂ ಇರಲಿಲ್ಲ. ಹನ್ನೊಂದು ವರ್ಷದ ಮೇಲೆ ಏನೂ ಆಗಿಲ್ಲವೆಂಬಂತೆ ‘ಇರುತ್ತೀಯಾ’ ಎಂದು ಕೇಳುತ್ತಾನಲ್ಲ ಎಂದು ಮೈ ಉರಿಯಿತು. ಆ ದಿನ ಉತ್ತರಿಸಲಿಲ್ಲ. ಮರುದಿನ ಉದ್ದದ ಒಂದು ಉತ್ತರ ಬರೆದು ಅಳಿಸಿದ. ಇನ್ನೊಮ್ಮೆ ಎರಡೇ ಸಾಲು ಬರೆದು ಅದನ್ನೂ ಅಳಿಸಿದ.

ಐದನೆಯ ದಿನ ಊಟಕ್ಕೆ ಕೂತಾಗ ಇಂದಿರಾ ಕೇಳಿದಳು. "ಡೆಸ್ಮಂಡ್‌ಗೆ ರಿಪ್ಲೈ ಮಾಡಿದ್ರಾ?"

"ಮಾಡ್ತೀನಿ. ಫಸ್ಟ್ ಅವನು ತಪ್ಪಾಯ್ತು ಅಂತ ಹೇಳ್ಲಿ."

"ಹೇಳಿದ್ರೆ ಏನ್ ಮಾಡ್ತೀರಿ?"

"ಬಾ ಅಂತೀನಿ."

"ಹಾಗಿದ್ರೆ ಈಗ್ಲೇ ಅನ್ನಿ. ಪಾಪ, ಟಿಕೆಟ್ ಮಾಡಿಸ್ಬೇಕಲ್ವಾ ಅವ್ರು."

ಪ್ರಣತಿ ತಟ್ಟೆಯಿಂದ ಮುಖವೆತ್ತದೆ ಹೇಳಿದಳು. "ಅಪ್ಪ, ಜಸ್ಟ್ ಸೆಂಡ್ ಎ ಥಂಬ್ಸ್ ಅಪ್."

"ನಿಂಗೆ ಅರ್ಥ ಆಗಲ್ಲ ಮರಿ. ಇದು ಹಾಗೆಲ್ಲ ಮುಗಿಯೋ ವಿಷಯ ಅಲ್ಲ."

ಒಂಬತ್ತು ದಿನ ಹಾಗೇ ಹೋದವು. ಹತ್ತನೆಯ ದಿನ, ಶುಕ್ರವಾರ, ಅವನು ಅರ್ಧ ದಿನ ರಜೆ ಹಾಕಿ ಉರಯಾಸುವಿನ ಆಸ್ಪತ್ರೆಗೆ ಹಯಾಸೆ-ಸಾನ್‌ರನ್ನು ನೋಡಲು ಹೋದ. ಅವರಿಗೆ ಎಪ್ಪತ್ತೆರಡು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಲಗೈ ಮಡಿಲಲ್ಲಿ ಬೇರೆ ಯಾರದೋ ಕೈಯಂತೆ ಬಿದ್ದಿತ್ತು. ಅವನನ್ನು ಕಂಡ ಕೂಡಲೇ ಮುಖದ ಎಡಭಾಗ ನಕ್ಕಿತು. ಅವರ ಬಾಯಲ್ಲಿ ಉಳಿದಿದ್ದುದು ‘ಹಾಯ್’ ಎಂಬ ಒಂದು ಶಬ್ದ, ಹೌದು ಎಂಬುದಕ್ಕೆ ಜಪಾನಿಯರು ಹೇಳುವುದು. ಇಲ್ಲ ಎನ್ನುವುದಕ್ಕೂ ಅವರು ಅದನ್ನೇ ಹೇಳಿ, ಸರಿಹೋಗಲಿಲ್ಲವೆಂದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಮೇಜಿನ ಮೇಲೆ ಬ್ಯಾಂಡಿನ ಫೋಟೊ ಇತ್ತು. ಅವರು ಎಡಗೈ ಬೆರಳನ್ನು ಡೆಸ್ಮಂಡ್‌ನ ಮುಖದ ಮೇಲಿಟ್ಟು ನಂಜುಂಡಸ್ವಾಮಿಯನ್ನು ನೋಡಿದರು. "ದೆ... ದೆ..." ಎಂದರು. ಮುಂದಕ್ಕೆ ಬರಲಿಲ್ಲ. ಬೆವರಿದರು. ಮತ್ತೆ "ದೆ" ಎಂದರು. ಸುಮಾರು ಇಪ್ಪತ್ತು ವರ್ಷ ಆ ಹೆಸರನ್ನು ರೇಡಿಯೊದಲ್ಲಿ ಹೇಳಿದ ಬಾಯಿ.

"ಬರುತ್ತಾನೆ," ಎಂದ ನಂಜುಂಡಸ್ವಾಮಿ ಜಪಾನಿಯಲ್ಲಿ. "ನಾನು ಇವತ್ತೇ ಬರೆಯುತ್ತೇನೆ. ಇಬ್ಬರೂ ಬರುತ್ತೇವೆ."

ಆಸ್ಪತ್ರೆಯಿಂದ ಹೊರಗೆ ಬಂದವನೇ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಬರೆದ. ‘ಇರುತ್ತೇನೆ. ಬಾ. ನಮ್ಮ ಮನೆಯಲ್ಲೇ ಇಳಿದುಕೋ.’ ಕಳಿಸಿದ ಮೇಲೆ ಎದೆ ಹಗುರಾಯಿತು. ಮನೆಗೆ ಬಂದು ಇಂದಿರಾಗೆ ಹೇಳಿದ. ಡೆಸ್ಮಂಡ್ ಆರಡಿ ಮೂರಂಗುಲ, ಸೋಫಾದ ಮೇಲೆ ಕಾಲು ಚಾಚಲಾಗದು, ನಾವು ಹಾಲ್‌ನಲ್ಲಿ ಮಲಗಿ ರೂಮು ಅವನಿಗೆ ಬಿಡೋಣ ಎಂದು ಇಬ್ಬರೂ ಮಾತಾಡಿಕೊಂಡರು.

ಉತ್ತರ ಮರುದಿನ ಬೆಳಿಗ್ಗೆ ಬಂದಿತ್ತು. ಡೆಸ್ಮಂಡ್‌ನ ವಿಳಾಸದಿಂದಲೇ, ಆದರೆ ಬರೆದವಳು ಅವನ ತಂಗಿ ಮಾರ್ಸಿಯಾ.

‘ಪ್ರಿಯ ನಂಜುಂಡ, ಡೆಸ್ಮಂಡ್ ಮಂಗಳವಾರ ಬೆಳಿಗ್ಗೆ ತೀರಿಕೊಂಡ. ಹೃದಯಾಘಾತ. ನಿನ್ನ ಮೇಲ್ ಈಗ ನೋಡಿದೆ. ನಾನು ಸ್ವಲ್ಪ ದಿನ ಕಳೆದ ಮೇಲೆ ಸಮಾಧಾನವಾಗಿ ಮಾತಾಡುತ್ತೇನೆ.’

ಅವನು ಫೋನನ್ನು ಇಂದಿರಾ ಕೈಗೆ ಕೊಟ್ಟು ಬಾಲ್ಕನಿಗೆ ಹೋಗಿ ನಿಂತ. ಮಂಗಳವಾರಕ್ಕೂ ಶುಕ್ರವಾರಕ್ಕೂ ಮೂರು ದಿನ. ಇಂದಿರಾ ಹಿಂದೆಯೇ ಬಂದು ಪಕ್ಕದಲ್ಲಿ ನಿಂತಳು. ಹೇಳಬಹುದಾಗಿದ್ದುದನ್ನು ಅವಳು ಮೊದಲೇ ಹೇಳಿದ್ದಳು.

ಮಾರ್ಚ್ ಕೊನೆಯ ಶನಿವಾರ ಅವನು ಮೃದಂಗ ತೆಗೆದುಕೊಂಡು ಹೋದ. ಹನ್ನೊಂದು ವರ್ಷ ಕಪಾಟಿನ ಮೇಲಿದ್ದ ವಾದ್ಯ. ಬಲಮುಖದ ಕಪ್ಪು ಕರಣೆ ಒಡೆದು ಚಕ್ಕೆ ಎದ್ದಿತ್ತು. ಬಾರಿಸಿದರೆ ನಾದ ಬರುವಂತಿರಲಿಲ್ಲ. ಆದರೂ ಬರಿಗೈಯಲ್ಲಿ ಹೋಗಲು ಮನಸ್ಸಾಗಲಿಲ್ಲ. ಇಂದಿರಾ, ಪ್ರಣತಿ ಇಬ್ಬರೂ ಜೊತೆಗೆ ಬಂದರು.

ಸ್ಟುಡಿಯೊದ ಹೊರಗಿನ ಕೋಣೆಯಲ್ಲಿ ರೆಕಾರ್ಡುಗಳ ಕಪಾಟು. ತೆಜುಕಾ-ಸಾನ್ ಅಂದು ಹಾಕಬೇಕಾದ್ದನ್ನೆಲ್ಲ ಮೇಜಿನ ಮೇಲೆ ತೆಗೆದಿಟ್ಟಿದ್ದರು. ‘ಅವರೆ’ಯ ರೆಕಾರ್ಡೂ ಇತ್ತು. ಮುಖಪುಟದ ಬಣ್ಣ ನಂಜುಂಡಸ್ವಾಮಿ ಕಂಡದ್ದಲ್ಲ.

"ಇದು ಯಾವುದು?" ಎಂದ.

"ಮೂರನೆಯ ಮುದ್ರಣ. ಒಂಬತ್ತು ವರ್ಷದ ಹಿಂದಿನದು," ಎಂದರು ತೆಜುಕಾ. "ಹಯಾಸೆ-ಸಾನ್ ಆಮೇಲೆ ಯಾವಾಗಲೂ ಇದನ್ನೇ ಹಾಕುತ್ತಿದ್ದರು. ಹೆಸರು ಸರಿಯಾಗಿದೆ ಅಂತ."

ಅವನು ತಿರುಗಿಸಿ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ‘ಅವರೆ, ರಚನೆ: ಜಯಮ್ಮ, ನಂಜುಂಡಸ್ವಾಮಿ, ಡೆಸ್ಮಂಡ್ ಪ್ರೈಸ್’. ಜಯಮ್ಮನ ಹೆಸರು ಮೊದಲು ಇತ್ತು. ಇಂಗ್ಲಿಷಿನಲ್ಲಿ ಒಂದು ಅಕ್ಷರ ತಪ್ಪಿತ್ತು, ಅಷ್ಟೇ.

"ಇದನ್ನ ಯಾರು ಮಾಡಿಸಿದ್ದು?"

ತೆಜುಕಾ ಅವನನ್ನೇ ನೋಡಿದರು. "ಡೆಸ್ಮಂಡ್-ಸಾನ್. ಕಂಪನಿಯವರಿಗೆ ಒಂದು ವರ್ಷ ಬೆನ್ನು ಬಿದ್ದು ಮಾಡಿಸಿದರು. ಹಯಾಸೆ-ಸಾನ್‌ಗೂ ಕಾಗದ ಬರೆದಿದ್ದರು. ನಿಮಗೆ..." ಎಂದು ನಿಲ್ಲಿಸಿದರು. "ನಿಮಗೆ ಗೊತ್ತಿದೆ ಎಂದುಕೊಂಡಿದ್ದೆವು."

ಗೊತ್ತಿರಲಿಲ್ಲ. ರೇಡಿಯೊ ಕೇಳುತ್ತಿದ್ದ ಇಂದಿರಾಗೂ ಗೊತ್ತಾಗುವ ದಾರಿಯಿರಲಿಲ್ಲ. ಅಚ್ಚಿನಲ್ಲಿ ಒಂದೇ ಹೆಸರಿದ್ದಾಗಲೂ ಹಯಾಸೆ-ಸಾನ್ ಮೂರನ್ನೇ ಹೇಳುತ್ತಿದ್ದರಲ್ಲ. ಚಿಕ್ಕ ಅಕ್ಷರ ನಾನು ಓದುತ್ತೇನೆ ಎಂದು ಜಗಳ ಮಾಡಿಕೊಂಡು ಬಂದವನು ಆಮೇಲೆ ಆ ರೆಕಾರ್ಡನ್ನು ಒಮ್ಮೆಯೂ ಕೈಗೆತ್ತಿಕೊಂಡಿರಲಿಲ್ಲ.

ಒಳಗೆ ಹಯಾಸೆ-ಸಾನ್ ಗಾಲಿಕುರ್ಚಿಯಲ್ಲಿ, ತಮ್ಮ ಹಳೆಯ ಮೈಕಿನ ಮುಂದೆ ಕೂತಿದ್ದರು. ಡೆಸ್ಮಂಡ್ ಹೋದದ್ದನ್ನು ಅವರಿಗೆ ಹೇಳಿದ್ದರು. ಪಕ್ಕದಲ್ಲಿ ಡೆಸ್ಮಂಡ್‌ಗೆಂದು ಮತ್ತೊಂದು ಕುರ್ಚಿ ಖಾಲಿ ಬಿಟ್ಟಿರಬಹುದೆಂದು ನಂಜುಂಡಸ್ವಾಮಿ ಹೆದರಿದ್ದ. ತೆಜುಕಾ ಅದನ್ನು ತೆಗೆಸಿದ್ದರು.

ಕಾರ್ಯಕ್ರಮ ಎರಡು ಗಂಟೆಗೆ ಶುರುವಾಯಿತು. ತೆಜುಕಾ ಕೇಳುಗರ ಕಾರ್ಡುಗಳನ್ನು ಓದಿದರು. ಕೊನೆಯಲ್ಲಿ ‘ಅವರೆ’ಯ ಸರದಿ ಬಂದಾಗ ಅವರು ನಂಜುಂಡಸ್ವಾಮಿಗೆ ಸನ್ನೆ ಮಾಡಿದರು. ಹೇಳಬೇಕೆಂದು ಅವನು ಮನೆಯಲ್ಲಿ ಜಪಾನಿಯಲ್ಲಿ ಬರೆದು ತಂದ ಕಾಗದ ಮುಂದಿತ್ತು. ಅದನ್ನು ಪಕ್ಕಕ್ಕಿಟ್ಟ.

"ಇದನ್ನು ಮಾಡಿದ್ದು ಮೂರು ಜನ," ಎಂದ. "ಮೈಸೂರಿನ ಜಯಮ್ಮ. ಲೀಡ್ಸ್‌ನ ಡೆಸ್ಮಂಡ್. ಇಬ್ಬರೂ ಈಗಿಲ್ಲ. ಮೂರನೆಯವನು ನಾನು. ಡೆಸ್ಮಂಡ್ ನನಗೊಂದು ಪ್ರಶ್ನೆ ಕೇಳಿದ್ದ. ನಾನು ಉತ್ತರ ಕೊಡುವುದು ತಡ ಮಾಡಿದೆ." ತೆಜುಕಾ ರೆಕಾರ್ಡ್ ಬಿಟ್ಟರು.

ಟ್ರಂಪೆಟ್ಟಿನ ಸಾಲು ಶುರುವಾದಾಗ ಹಯಾಸೆ-ಸಾನ್ ಎಡಗೈಯನ್ನು ಮೇಜಿನ ಮೇಲೆ ತಟ್ಟತೊಡಗಿದರು. ಏಳು ಮಾತ್ರೆ. ಒಂದೂ ತಪ್ಪಲಿಲ್ಲ. ಆ ತಡಮಾಡುವ ಕಾಳಿನ ಜಾಗವೂ ತಪ್ಪಲಿಲ್ಲ. ನಂಜುಂಡಸ್ವಾಮಿ ಮೈಕಿನಿಂದ ದೂರ ಬಗ್ಗಿ ಅವರ ಕಿವಿಯ ಹತ್ತಿರ ಮೆಲ್ಲಗೆ "ತಕಿಟ ತಕಧಿಮಿ" ಎಂದು ಹೇಳುತ್ತಾ ಹೋದ. ಗಾಜಿನಾಚೆ ಪ್ರಣತಿ ಅಮ್ಮನ ತೋಳು ಹಿಡಿದುಕೊಂಡು ನಿಂತಿದ್ದಳು. ಅಪ್ಪ ಅಳುವುದನ್ನು ಅವಳು ಅದುವರೆಗೆ ನೋಡಿರಲಿಲ್ಲ.

ರೆಕಾರ್ಡ್ ಮುಗಿಯಿತು. ಇಪ್ಪತ್ತಾರು ವರ್ಷದ ಕಾರ್ಯಕ್ರಮವೂ ಮುಗಿಯಿತು. ಮುಂದಿನ ಶನಿವಾರದಿಂದ ಆ ಹೊತ್ತಿಗೆ ಆರೋಗ್ಯ ಸಲಹೆ ಬರತೊಡಗಿತು. ಹಯಾಸೆ-ಸಾನ್‌ರನ್ನು ಅವರ ತಮ್ಮ ನೀಗಾತಾಗೆ ಕರೆದುಕೊಂಡು ಹೋದರು.

ಏಪ್ರಿಲ್ ಮಧ್ಯದ ಒಂದು ಭಾನುವಾರ ಮಾರ್ಸಿಯಾ ವಿಡಿಯೊ ಕಾಲ್ ಮಾಡಿದಳು. ಇಲ್ಲಿ ಸಂಜೆ ಐದು, ಅವಳಿಗೆ ಬೆಳಿಗ್ಗೆ. ನರ್ಸ್ ಕೆಲಸದಿಂದ ನಿವೃತ್ತಳಾದ ಗಂಭೀರ ಹೆಂಗಸು. ಅಂತ್ಯಕ್ರಿಯೆಯ ವಿಷಯ ಹೇಳಿದಳು, ಬ್ಯಾಂಡಿನ ಉಳಿದ ನಾಲ್ವರೂ ಬಂದಿದ್ದರೆಂದಳು. ನಂಜುಂಡಸ್ವಾಮಿ ರೆಕಾರ್ಡಿನ ಹೆಸರುಗಳ ವಿಷಯ ತನಗೆ ಈಗ ತಾನೆ ತಿಳಿಯಿತು ಎಂದ.

ಅವಳು ಹುಬ್ಬು ಗಂಟಿಕ್ಕಿದಳು. "ಈಗಲಾ? ಅಚ್ಚಾದ ವರ್ಷವೇ ಅವನು ನಿನಗೊಂದು ಕಳಿಸಿದ್ದ. ಒಳಗೆ ನಾಲ್ಕು ಪುಟದ ಕಾಗದ ಇಟ್ಟು. ನಾನೇ ಪೋಸ್ಟ್ ಮಾಡಿದ್ದು."

"ಯಾವ ವಿಳಾಸಕ್ಕೆ?"

ಅವಳು ಎದ್ದು ಹೋಗಿ ಡೆಸ್ಮಂಡ್‌ನ ಡೈರಿ ತಂದು ಓದಿದಳು. ಓಜಿಮಾದ ಅಪಾರ್ಟ್‌ಮೆಂಟು, ಆರನೆಯ ಮಹಡಿ. ಅದು ಪೋಸ್ಟ್ ಆಗುವ ಹೊತ್ತಿಗೆ ನಂಜುಂಡಸ್ವಾಮಿಯ ಸಂಸಾರ ಆ ಮನೆ ಬಿಟ್ಟು ಫುನಾಬೊರಿಗೆ ಬಂದು ಒಂದೂವರೆ ವರ್ಷವಾಗಿತ್ತು. ಹಳೆಯ ವಿಳಾಸದ ಟಪಾಲನ್ನು ಅಂಚೆಯವರು ಹೊಸ ಮನೆಗೆ ತಲುಪಿಸುವುದು ಒಂದು ವರ್ಷ ಮಾತ್ರ.

"ವಾಪಸು ಬರಲಿಲ್ಲವಾ?"

"ಅವನು ಕವರಿನ ಹಿಂದೆ ತನ್ನ ವಿಳಾಸ ಬರೆಯುವವನೇ ಅಲ್ಲ. ನೀನು ಉತ್ತರ ಬರೆಯಲಿಲ್ಲ ಅಂದಾಗ, ಹೋಗಲಿ, ಅವನಿಗೆ ಇನ್ನೂ ಕೋಪ ಇದೆ ಅಂದ. ಮತ್ತೆ ಬರೆಯೋದಕ್ಕೆ ನಾಚಿಕೆಪಟ್ಟ."

ನಂಜುಂಡಸ್ವಾಮಿಗೆ ಆ ಮೇಲ್ ನೆನಪಾಯಿತು. ಅದರಲ್ಲಿ ಕ್ಷಮೆಯ ಮಾತು ಯಾಕಿರಲಿಲ್ಲವೆಂದು ಈಗ ತಿಳಿಯಿತು. ಡೆಸ್ಮಂಡ್ ಅದನ್ನು ಒಂಬತ್ತು ವರ್ಷದ ಹಿಂದೆಯೇ ಹೇಳಿಯಾಗಿತ್ತು.

"ಮಾರ್ಸಿಯಾ, ಫೆಬ್ರವರಿಯಲ್ಲಿ ಅವನ ಮೇಲ್ ನನಗೆ ಅದೇ ದಿನ ಸಿಕ್ಕಿತ್ತು," ಎಂದ. ಸುಳ್ಳು ಹೇಳಬಹುದಿತ್ತು. "ನಾನು ಬೇಕೆಂದೇ ಒಂಬತ್ತು ದಿನ ಸುಮ್ಮನಿದ್ದೆ. ಅವನು ಮೊದಲು ಕ್ಷಮೆ ಕೇಳಲಿ ಅಂತ."

ಅವಳು ಕೈಯಲ್ಲಿದ್ದ ಡೈರಿಯನ್ನು ಮುಚ್ಚಿ ಪಕ್ಕಕ್ಕಿಟ್ಟಳು.

"ಅವನು ದಿನಾ ಬೆಳಿಗ್ಗೆ ಚಹಾಕ್ಕಿಂತ ಮುಂಚೆ ಮೇಲ್ ನೋಡುತ್ತಿದ್ದ," ಎಂದಳು. "ನೀನು ಬರೆಯಬೇಕಿತ್ತು."

"ಹೌದು."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಚರ್ಚಿಗೆ ಹೊತ್ತಾಯಿತೆಂದು ಕಾಲ್ ಮುಗಿಸಿದಳು.

ಮುಂದಿನ ಶನಿವಾರ ನಂಜುಂಡಸ್ವಾಮಿ ಓಜಿಮಾಗೆ ಹೋದ. ಹೋಗಿ ಪ್ರಯೋಜನವಿಲ್ಲವೆಂದು ಅವನಿಗೂ ಗೊತ್ತಿತ್ತು. ಇಂದಿರಾ ತಡೆಯಲಿಲ್ಲ. ಆರನೆಯ ಮಹಡಿಯ ಆ ಬಾಗಿಲಲ್ಲಿ ರಂಗೋಲಿಯ ಸ್ಟಿಕರ್ ಅಂಟಿಸಿತ್ತು. ಬೆಲ್ ಒತ್ತಿದಾಗ ಮಗುವನ್ನು ಸೊಂಟದಲ್ಲೆತ್ತಿಕೊಂಡ ತರುಣಿಯೊಬ್ಬಳು ತೆರೆದಳು. ಹೆಸರು ಹರ್ಷಿತಾ, ಬೆಂಗಳೂರಿನವಳು. ಅವನು ಕನ್ನಡದಲ್ಲೇ ವಿಷಯ ಹೇಳಿದ.

"ಒಂಬತ್ತು ವರ್ಷನಾ ಅಂಕಲ್?" ಎಂದಳು ಅವಳು. "ನಾವ್ ಬಂದು ಎರಡೇ ವರ್ಷ ಆಗಿರೋದು. ನಮ್ಗಿಂತ ಮುಂಚೆ ಯಾರೋ ಜಾಪನೀಸ್ ಇದ್ರಂತೆ. ಪೋಸ್ಟ್ ಗೀಸ್ಟ್ ಏನೂ ಇರ್ಲಿಲ್ಲ. ಮ್ಯಾನೇಜ್ಮೆಂಟ್ ಆಫೀಸಲ್ಲಿ ಕೇಳಿದ್ರಾ?"

"ಕೇಳ್ದೆ. ಅವ್ರೂ ಇಲ್ಲ ಅಂದ್ರು."

"ಒಳಗ್ ಬನ್ನಿ, ಕಾಫಿ ಕುಡ್ಕೊಂಡ್ ಹೋಗಿ. ಏನ್ ಇತ್ತು ಅಂಕಲ್ ಅದ್ರಲ್ಲಿ, ಇಂಪಾರ್ಟೆಂಟಾ?"

"ಒಬ್ಬ ಫ್ರೆಂಡ್ ಬರೆದಿದ್ದ."

ಅವನು ಬಾಗಿಲಲ್ಲೇ ನಿಂತು ಒಳಗೆ ನೋಡಿದ. ಪ್ರಣತಿ ಅಂಬೆಗಾಲಿಟ್ಟ ನೆಲ, ಮೃದಂಗ ಇಡುತ್ತಿದ್ದ ಮೂಲೆ. ಆ ಮೂಲೆಯಲ್ಲಿ ಈಗ ಬಟ್ಟೆ ಒಣಗಿಸುವ ಸ್ಟ್ಯಾಂಡ್ ಇತ್ತು. ಕಾಫಿ ಬೇಡಮ್ಮ, ಇನ್ನೊಮ್ಮೆ ಬರುತ್ತೇನೆ ಎಂದು ಹೇಳಿ, ಮಗುವಿನ ಕೆನ್ನೆ ಸವರಿ ಹೊರಟ.

ಲಿಫ್ಟಿನಲ್ಲಿ ಅವನೊಬ್ಬನೇ ಇದ್ದ. ಮೂರನೆಯ ಮಹಡಿ ದಾಟುವಾಗ ಅಳು ತಡೆಯಲಾಗಲಿಲ್ಲ. ಕೆಳಗೆ ಬಾಗಿಲು ತೆರೆದುಕೊಂಡಾಗ ತರಕಾರಿ ಚೀಲ ಹಿಡಿದ ಮುದುಕಿಯೊಬ್ಬರು ಎದುರಿಗೆ ನಿಂತಿದ್ದರು. ಅವನ ಮುಖ ನೋಡಿ ದೃಷ್ಟಿ ತಗ್ಗಿಸಿದರು. "ಸುಮಿಮಾಸೆನ್," ಎಂದು ಕ್ಷಮೆ ಕೇಳಿ, ಪಕ್ಕಕ್ಕೆ ಸರಿದು ದಾರಿ ಬಿಟ್ಟರು.